ಫಾಕ್‌ಲ್ಯಾಂಡ್ಸ್ ಧ್ವನಿಮುದ್ರಣಗಳು: ಭಾನುವಾರದೊಳಗೆ ತಾರೀಖು ನೋಡಿ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಅಟ್ಲಾಂಟಿಕ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಫಾಕ್‌ಲ್ಯಾಂಡ್ಸ್ ಯುದ್ಧ ಕಂಡವರ ಮಾತುಗಳನ್ನು ಬರಹಕ್ಕಿಳಿಸುತ್ತಿರುವವರು ಭಾನುವಾರ ರಾತ್ರಿಯೊಳಗೆ ನಿಮ್ಮ ಕಡತದ ತಾರೀಖು, ವೇಳೆ ಮತ್ತೊಮ್ಮೆ ನೋಡಿಬಿಡಿ.

ತೊಡಕು ಗಡಿಯಾರದ್ದು. ಬ್ರಿಟಿಷ್ ಪಡೆಗಳು ಗ್ರೀನಿಚ್ ಸಮಯ ಇಟ್ಟುಕೊಂಡಿದ್ದವು. ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯ ನಿವಾಸಿಗಳದು ಅದಕ್ಕಿಂತ 4 ಗಂಟೆ ಹಿಂದೆ, ಅರ್ಜೆಂಟೀನಾದವರದು 3 ಗಂಟೆ ಹಿಂದೆ. ಹಾಗಾಗಿ ನಿವಾಸಿ ಹೇಳುವ ಜೂನ್ 11ರ ರಾತ್ರಿ 9, ಬ್ರಿಟಿಷ್ ಸೈನಿಕನ ಲೆಕ್ಕದಲ್ಲಿ 12ರ ನಸುಕಿನ 1 ಗಂಟೆ. ಇಬ್ಬರದೂ ಸರಿಯೇ. ಹೇಳಿದ್ದನ್ನು ದಯವಿಟ್ಟು ತಿದ್ದಬೇಡಿ, ಪಕ್ಕದ ಕಾಲಂನಲ್ಲಿ ಗ್ರೀನಿಚ್ ಸಮಯ ಹಾಕಿ. ಯಾವ ಗಡಿಯಾರವೆಂದು ತಿಳಿಯದಿದ್ದರೆ ಪ್ರಶ್ನೆ ಚಿಹ್ನೆ ಸಾಕು.

ಸ್ಥಳನಾಮವೂ ಹಾಗೆಯೇ. ಜೂನ್ 8ರಂದು ಬ್ರಿಟಿಷರ ‘ಸರ್ ಗಲಹಾಡ್’ ಹಡಗಿಗೆ ಬಾಂಬ್ ಬಿದ್ದದ್ದು ಫಿಟ್ಜ್‌ರಾಯ್ ಬಳಿ. ಆ ಜಾಗವನ್ನು ಹತ್ತಿರದ ಬ್ಲಫ್ ಕೋವ್ ಎನ್ನುವವರು ಬಹಳ ಮಂದಿ. ಎರಡನ್ನೂ ದಾಖಲಿಸಿ.

ಗೂಸ್ ಗ್ರೀನ್ ಎಂಬ ಊರಿನ ಸಮುದಾಯ ಭವನದಲ್ಲಿ ಅರ್ಜೆಂಟೀನಾ ಪಡೆ ಸುಮಾರು ಒಂದು ತಿಂಗಳು ಕೂಡಿಹಾಕಿದ್ದ 114 ನಾಗರಿಕರಲ್ಲಿ ಮಕ್ಕಳೂ ಇದ್ದರು. ಅವರಿಗೆ ತಾರೀಖು ನೆನಪಿಲ್ಲದಿದ್ದರೆ ‘ಮೇ ತಿಂಗಳು’ ಎಂದಷ್ಟೇ ಬರೆಯಿರಿ. ಅಳು, ದೀರ್ಘ ಮೌನ ಬಂದಲ್ಲಿ ಕತ್ತರಿಸದೆ ಎಷ್ಟು ಸೆಕೆಂಡು ಎಂದು ನಮೂದಿಸಿ.

ಯಾರ ಬಳಿ ಯಾವ ಕಡತವಿದೆ, ಎಷ್ಟು ನಿಮಿಷ ಬಾಕಿಯಿದೆ ಎಂದು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.