ಮೊದಲ ಸೆಮಿಸ್ಟರ್‌ನಲ್ಲೇ ಮಕ್ಕಳು ಕೈಬಿಡುತ್ತಿದ್ದಾರೆ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಸಂಬಳ, ವರ್ಗಾವಣೆ ವಿಷಯ ಈ ಪತ್ರದಲ್ಲಿಲ್ಲ. ಮೊದಲ ವರ್ಷ ಪ್ರೋಗ್ರಾಮಿಂಗ್ ಕಲಿಸುವ ಮತ್ತು ಪರೀಕ್ಷೆ ಮಾಡುವ ರೀತಿ ಬದಲಾಗಬೇಕು, ಅದನ್ನು ಕೇಳೋಕೆ ಬರೆಯುತ್ತಿದ್ದೇನೆ.

ನಮ್ಮ ತರಗತಿ ಹೇಗಿರುತ್ತೆ ಅಂತ ಮೊದಲು ಹೇಳಿಬಿಡುತ್ತೇನೆ. ಬಿಸಿಎಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಬರುತ್ತಾರೆ. ಹಾಗಾಗಿ ಒಂದೇ ಬೆಂಚಿನಲ್ಲಿ ಪಿಯುಸಿಯಲ್ಲೇ ಎರಡು ವರ್ಷ ಕೋಡ್ ಬರೆದ ಹುಡುಗ ಇರುತ್ತಾನೆ, ಅಕೌಂಟೆನ್ಸಿ ಓದಿ ಬಂದ ಹುಡುಗಿ ಇರುತ್ತಾಳೆ, ಹತ್ತನೇ ತರಗತಿಯ ನಂತರ ಗಣಿತದ ಪುಸ್ತಕವನ್ನೇ ತೆರೆಯದೆ ಇತಿಹಾಸ, ಅರ್ಥಶಾಸ್ತ್ರ ಓದಿದವರೂ ಇರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕನ್ನಡ ಮಾಧ್ಯಮದವರು. ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಆದರೆ ಕೀಬೋರ್ಡ್ ಮುಟ್ಟಿದ್ದು ಕಾಲೇಜಿಗೆ ಬಂದಮೇಲೆ ಅನ್ನುವವರು ಬಹಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚಿಗೆ ಹೆದರುತ್ತಿದ್ದ ಮನೆಗಳಿಂದಲೂ ಹೆಣ್ಣುಮಕ್ಕಳು ಬರುತ್ತಿದ್ದಾರೆ. ಇಷ್ಟೊಂದು ಮಂದಿ ಕಂಪ್ಯೂಟರ್ ಕಲಿಯೋಕೆ ಬರುತ್ತಿರುವುದು ನಿಜಕ್ಕೂ ಖುಷಿಯ ವಿಷಯ.

ಆದರೆ ಇವರೆಲ್ಲರಿಗೂ ನಾವು ಒಂದೇ ಪಾಠವನ್ನು ಒಂದೇ ವೇಗದಲ್ಲಿ ಮಾಡುತ್ತೇವೆ. ಪ್ರೋಗ್ರಾಂ ಬರೆಯುವ ಸಿ ಭಾಷೆ, ಮೊದಲ ವಾರ ವೇರಿಯಬಲ್ (ಸಂಖ್ಯೆಯನ್ನೋ ಪದವನ್ನೋ ಇಟ್ಟುಕೊಳ್ಳುವ ಹೆಸರು), ಮೂರನೇ ವಾರ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು), ನೋಡನೋಡುತ್ತಿದ್ದಂತೆ ಅದಕ್ಕಿಂತ ಕಷ್ಟದ ಪಾಯಿಂಟರ್. ಸಿಲಬಸ್ ಮುಗಿಸಬೇಕಲ್ವಾ.

ಲ್ಯಾಬ್‌ನಲ್ಲಿ ಏನಾಗುತ್ತೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಹುಡುಗಿ ಐದು ಸಾಲಿನ ಪ್ರೋಗ್ರಾಂ ಟೈಪ್ ಮಾಡಿ ಮೂರನೇ ಸಾಲಿನ ಕೊನೆಗೆ, ಸಾಲು ಮುಗಿಯಿತು ಅಂತ ತೋರಿಸುವ ಸೆಮಿಕೋಲನ್ (;) ಹಾಕೋದು ಮರೆತಿರುತ್ತಾಳೆ. ನಮ್ಮ ಲ್ಯಾಬ್‌ನಲ್ಲಿ ಇನ್ನೂ 1990ರ ದಶಕದ ಆರಂಭದ ಟರ್ಬೋ ಸಿ ಅನ್ನುವ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾರ್ಪಡಿಸುವ ತಂತ್ರಾಂಶ) ಓಡುತ್ತಿದೆ. ಅದು ಇಂಗ್ಲಿಷ್‌ನಲ್ಲಿ 'ಸ್ಟೇಟ್‌ಮೆಂಟ್ ಮಿಸ್ಸಿಂಗ್' ಅನ್ನುತ್ತೆ, ಆದರೆ ತೋರಿಸೋದು ನಾಲ್ಕನೇ ಸಾಲನ್ನು. ಮೂರನೇ ಸಾಲು ಮುಗಿದಿಲ್ಲ ಅನ್ನೋದು ಕಂಪೈಲರ್‌ಗೆ ಗೊತ್ತಾಗೋದೇ ನಾಲ್ಕನೆಯದನ್ನು ಓದುವಾಗ. ಇದು ಆ ಹುಡುಗಿಗೆ ಯಾರು ಹೇಳಬೇಕು? ಅವಳು ಸರಿಯಾಗಿದ್ದ ನಾಲ್ಕನೇ ಸಾಲನ್ನು ಅಳಿಸಿ ಬೇರೆ ಏನೋ ಬರೆಯುತ್ತಾಳೆ. ಈಗ ಒಂದು ತಪ್ಪಿನ ಜಾಗದಲ್ಲಿ ನಾಲ್ಕು ತಪ್ಪು. ಅಷ್ಟರಲ್ಲಿ ಪಕ್ಕದ ಹುಡುಗ ಅದನ್ನು ಮುಗಿಸಿ, ಮುಂದಿನದನ್ನೂ ಮುಗಿಸಿ, ಬೇಜಾರಾಗಿ ಕೂತಿರುತ್ತಾನೆ. ನಾನು ಅವಳ ಹತ್ತಿರ ಹೋಗುವ ಹೊತ್ತಿಗೆ ಅವಳು 'ನನಗಿದು ಆಗಲ್ಲ ಮೇಡಂ' ಅನ್ನೋ ತೀರ್ಮಾನಕ್ಕೆ ಬಂದಿರುತ್ತಾಳೆ. ಆ ತೀರ್ಮಾನ ಒಮ್ಮೆ ಗಟ್ಟಿಯಾದರೆ ಆಮೇಲೆ ಎಷ್ಟು ಹೇಳಿದರೂ ಅದನ್ನು ಬಿಡಿಸೋದು ಬಹಳ ಕಷ್ಟ. ಅವಳಿಗೆ ಬುದ್ಧಿ ಕಮ್ಮಿ ಇರಲಿಲ್ಲ ಸರ್. ಪಕ್ಕದವನು ಎರಡು ವರ್ಷ ಮುಂಚೆ ಶುರುಮಾಡಿದ್ದ, ಅಷ್ಟೇ ವ್ಯತ್ಯಾಸ. ಆದರೆ ಒಂದೇ ಕೋಣೆಯಲ್ಲಿ ಕೂರಿಸಿದಾಗ ಇಬ್ಬರಿಗೂ ಅದು ಬುದ್ಧಿಯ ವ್ಯತ್ಯಾಸದಂತೆ ಕಾಣುತ್ತೆ.

ಇದೇ ತೊಂದರೆಯನ್ನು ಬೇರೆ ಕಡೆ ಬಗೆಹರಿಸಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾರ್ವಿ ಮಡ್ ಅಂತ ಒಂದು ಸಣ್ಣ ಕಾಲೇಜಿದೆ. 2006ರ ಆಸುಪಾಸಿನಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳು 100ಕ್ಕೆ 10ರ ಆಸುಪಾಸಿನಲ್ಲಿದ್ದರು. ಅವರು ಮೊದಲ ಕೋರ್ಸನ್ನು ಬದಲಿಸಿದರು. ಕೋಡಿಂಗ್ ಗೊತ್ತಿದ್ದವರಿಗೆ ಒಂದು ತರಗತಿ, ಗೊತ್ತಿಲ್ಲದವರಿಗೆ ಇನ್ನೊಂದು. ಜಾವಾ ಭಾಷೆ ಬಿಟ್ಟು, ಹೊಸಬರಿಗೆ ಸುಲಭವಾದ ಪೈಥಾನ್ ಭಾಷೆ ತಂದರು. ತರಗತಿಯಲ್ಲಿ ಎಲ್ಲದಕ್ಕೂ ತಾವೇ ಉತ್ತರ ಹೇಳಿ ಉಳಿದವರ ಬಾಯಿ ಕಟ್ಟುವ ಹುಡುಗರನ್ನು ಪ್ರಾಧ್ಯಾಪಕರು ಪ್ರತ್ಯೇಕವಾಗಿ ಕರೆದು, ನಿನ್ನ ಪ್ರಶ್ನೆ ಚೆನ್ನಾಗಿದೆ, ಅದನ್ನು ಹೊರಗೆ ಮಾತಾಡೋಣ, ಇಲ್ಲಿ ಬೇರೆಯವರಿಗೂ ಜಾಗ ಕೊಡು ಅಂತ ಹೇಳಿದರು. ಕೆಲವೇ ವರ್ಷಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ 100ಕ್ಕೆ 40ರ ಹತ್ತಿರ ಬಂತು. ಅದು ದುಡ್ಡಿರುವ ಕಾಲೇಜು, ಕಡಿಮೆ ಮಕ್ಕಳು, ನಿಜ. ಆದರೆ ತರಗತಿಯನ್ನು ಎರಡು ಮಾಡೋದಕ್ಕೆ, ಒಬ್ಬ ಹುಡುಗನನ್ನು ಕರೆದು ಮಾತಾಡೋದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಬರುವುದು ಕಡಿಮೆಯೇನಿಲ್ಲ, ನಮ್ಮಲ್ಲಿ ಹಿಂದೆ ಬೀಳುವವರು ಕಲಾ ವಿಭಾಗದವರು, ಕನ್ನಡ ಮಾಧ್ಯಮದವರು. ಆದರೆ ಕಾರಣ ಅದೇ.

ಹೇಗೂ ನಾವು ಲ್ಯಾಬ್‌ಗೆ ಬ್ಯಾಚ್ ಮಾಡುತ್ತೇವೆ. ಹಾಜರಿ ಪುಸ್ತಕದ ಕ್ರಮದಲ್ಲಿ, ಎ1, ಎ2 ಅಂತ. ಅದನ್ನೇ ಹಿಂದಿನ ಅನುಭವದ ಮೇಲೆ ಮಾಡಿದರೆ ಆಯಿತು. ಎರಡನೇ ಸೆಮಿಸ್ಟರ್ ಕೊನೆಗೆ ಎಲ್ಲರೂ ಬರೆಯುವ ಪರೀಕ್ಷೆ ಒಂದೇ ಇರಲಿ, ಅಲ್ಲಿವರೆಗಿನ ದಾರಿ ಮಾತ್ರ ಬೇರೆ ಇರಲಿ. ಹಿಂದಿನ ಬ್ಯಾಚು ಮುಂದಿನ ಬ್ಯಾಚು ಅನ್ನುವ ಹಣೆಪಟ್ಟಿ ಅಂಟಬಾರದು, ಅದಕ್ಕೇ ಒಂದು ವರ್ಷದ ನಂತರ ಎಲ್ಲರನ್ನೂ ಕೂಡಿಸಿಬಿಡಬೇಕು.

ಇನ್ನು ಪಾಠದ ಉದಾಹರಣೆಗಳು. ನಮ್ಮ ಲ್ಯಾಬ್ ಮ್ಯಾನ್ಯುಯಲ್ ತುಂಬ ಪ್ರೈಮ್ ನಂಬರ್, ಪ್ಯಾಲಿಂಡ್ರೋಮ್, ಫಿಬೊನಾಚಿ. ಗಣಿತ ಓದಿದವರಿಗೆ ಇವು ಪರಿಚಯ, ಉಳಿದವರಿಗೆ ಲೂಪ್ ಕಲಿಯುವ ಮೊದಲೇ ಇನ್ನೊಂದು ಗೋಡೆ. ನಾನು ಈಗ ಲೂಪ್ ಶುರುಮಾಡೋದು ಸ್ತ್ರೀಶಕ್ತಿ ಸಂಘದ ಸಾಲದಿಂದ. 10,000 ರೂಪಾಯಿ ಸಾಲ, 'ಎರಡು ರೂಪಾಯಿ ಬಡ್ಡಿ', ಅಂದರೆ ತಿಂಗಳಿಗೆ ನೂರಕ್ಕೆ 2. ತಿಂಗಳಿಗೆ 1,000 ಅಸಲು ಕಟ್ಟುತ್ತಾ ಬಂದರೆ ಮೊದಲ ತಿಂಗಳ ಬಡ್ಡಿ 200, ಎರಡನೆಯದು 180, ಹತ್ತನೆಯದು 20. ಒಟ್ಟು ಬಡ್ಡಿ 1,100. ಅಸಲು ಇಳಿದರೂ ಪೂರ್ತಿ ಮೊತ್ತದ ಮೇಲೇ ಬಡ್ಡಿ ಹಾಕುವವನ ಹತ್ತಿರ ತಂದಿದ್ದರೆ 2,000. ಈ ಲೆಕ್ಕ ಕೇಳಿದ ತಕ್ಷಣ ತರಗತಿಯಲ್ಲಿ ಮಾತಾಡುವವರೇ ಬೇರೆ. ಕಾಮರ್ಸ್ ಓದಿದವರು, ಅಮ್ಮನ ಸಂಘದ ಪುಸ್ತಕ ಬರೆದುಕೊಡುವ ಹುಡುಗಿಯರು ಬಾಯಲ್ಲೇ ಹೇಳಿಬಿಡುತ್ತಾರೆ. ಪಿಯುಸಿಯಲ್ಲಿ ಕೋಡ್ ಬರೆದ ಹುಡುಗರು ಅವರನ್ನು 'ಬಡ್ಡಿ ಹೇಗೆ ಇಳಿಯುತ್ತೆ' ಅಂತ ಕೇಳುತ್ತಾರೆ. ಪ್ರತಿ ತಿಂಗಳೂ ಅದೇ ಕೆಲಸ, ಉಳಿದ ಅಸಲು ಮಾತ್ರ ಬದಲಾಗುತ್ತೆ, ಅಂದಮೇಲೆ ಲೂಪ್ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಇದು ಪರೀಕ್ಷೆಗೆ ಬರಲ್ಲ. ಹಾಗಾಗಿ ಅಕ್ಟೋಬರ್ ಬರುತ್ತಿದ್ದಂತೆ ಮಕ್ಕಳೇ ಬಂದು, ಮೇಡಂ, ಮ್ಯಾನ್ಯುಯಲ್‌ನಲ್ಲಿರೋದನ್ನು ಮಾಡಿಸಿ ಅನ್ನುತ್ತಾರೆ. ಅವರನ್ನು ಬೈಯೋದು ಹೇಗೆ?

ನನಗೆ ಅತಿ ಹೆಚ್ಚು ಬೇಸರ ಇರುವುದು ಪ್ರಾಯೋಗಿಕ ಪರೀಕ್ಷೆ ಬಗ್ಗೆ. ಪ್ರೋಗ್ರಾಂಗಳ ಒಂದು ಪಟ್ಟಿ ಇರುತ್ತೆ, ಚೀಟಿ ಎತ್ತಬೇಕು, ಬಂದದ್ದನ್ನು ಬರೆದು ಓಡಿಸಬೇಕು. ಮಕ್ಕಳು ಪೂರ್ತಿ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಸೆಮಿಕೋಲನ್ ಸಮೇತ. ಅಂಕವೂ ಬರುತ್ತೆ. ಆದರೆ ಅದೇ ಪ್ರೋಗ್ರಾಂನಲ್ಲಿ ದೊಡ್ಡ ಸಂಖ್ಯೆಯ ಬದಲು ಸಣ್ಣದನ್ನು ಹುಡುಕು ಅಂದರೆ ಕೈ ನಿಂತುಬಿಡುತ್ತೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಈ ಪಟ್ಟಿಯನ್ನು ಅರ್ಧ ನಿಮಿಷದಲ್ಲಿ ಬರೆದುಕೊಡುವ ಯಂತ್ರ ಮಕ್ಕಳ ಜೇಬಿನಲ್ಲೇ ಇದೆ. ಹಾಗಿದ್ದಾಗ ಬಾಯಿಪಾಠಕ್ಕೆ ಅಂಕ ಕೊಟ್ಟು ನಾವು ಏನನ್ನು ಅಳೆಯುತ್ತಿದ್ದೇವೆ? ಚೀಟಿ ಬದಲು, ಓಡದೇ ಇರುವ ಒಂದು ಸಣ್ಣ ಪ್ರೋಗ್ರಾಂ ಕೊಟ್ಟು ಸರಿಮಾಡು ಅನ್ನಲಿ. ಸಾಲುಗಳನ್ನು ಹಿಂದೆಮುಂದೆ ಮಾಡಿ ಕೊಟ್ಟು ಜೋಡಿಸು ಅನ್ನಲಿ. ಇನ್ನು ವೈವಾ, ಅಂದರೆ ಮೌಖಿಕ ಪರೀಕ್ಷೆ, ಕನ್ನಡದಲ್ಲೂ ಕೇಳಬಹುದು ಅಂತ ಒಂದು ಸಾಲು ಬರೆದುಕೊಡಿ. ಹೊರಗಿನ ಪರೀಕ್ಷಕರು ಇಂಗ್ಲಿಷ್‌ನಲ್ಲಿ ಕೇಳಿದಾಗ ತಲೆ ತಗ್ಗಿಸಿ ನಿಂತ ಹುಡುಗನೇ, ನಾನು 'ಅರೇ (array, ಒಂದೇ ಹೆಸರಿನಲ್ಲಿ ಸಾಲಾಗಿ ಹಲವು ಸಂಖ್ಯೆ ಇಡುವ ವ್ಯವಸ್ಥೆ) ಯಾಕೆ ಬೇಕಪ್ಪ, ಸುಮ್ನೆ ಹತ್ತು ವೇರಿಯಬಲ್ ಮಾಡಿಕೊಂಡರೆ ಆಗಲ್ವಾ' ಅಂತ ಕನ್ನಡದಲ್ಲಿ ಕೇಳಿದರೆ ಎರಡು ನಿಮಿಷ ನಿಲ್ಲಿಸದೆ ಉತ್ತರ ಹೇಳುತ್ತಾನೆ. ನಾನು ಪೂರ್ತಿ ಕನ್ನಡ ಮಾಧ್ಯಮದ ಬಿಸಿಎ ಕೇಳುತ್ತಿಲ್ಲ. ಕೆಲಸಕ್ಕೆ ಇಂಗ್ಲಿಷ್ ಬೇಕು ಅನ್ನೋದು ಮಕ್ಕಳಿಗೂ ಗೊತ್ತು. ತಿಳಿದಿದೆಯೋ ಇಲ್ಲವೋ ಅಂತ ನೋಡುವಾಗ ಮಾತ್ರ ಅವರ ಭಾಷೆಯಲ್ಲಿ ನೋಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪ್ರೋಗ್ರಾಮಿಂಗ್ ಪಾಠಗಳು ಕನ್ನಡದಲ್ಲೇ ಸಿಗುತ್ತವೆ, ಎಷ್ಟೋ ಕಾಲೇಜುಗಳಿಗೆ ಅದರ ಸುದ್ದಿಯೂ ಮುಟ್ಟಿಲ್ಲ.

ಲ್ಯಾಬ್ ಸಮಯದ ಬಗ್ಗೆ ಒಂದು ಮಾತು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಕ್ಕಳು ರಾತ್ರಿ ಕೂತು ಅಭ್ಯಾಸ ಮಾಡುತ್ತಾರೆ. ಇಲ್ಲದವರಿಗೆ ಕಾಲೇಜಿನ ಲ್ಯಾಬ್ ಬಿಟ್ಟರೆ ಗತಿಯಿಲ್ಲ, ಆದರೆ ತರಗತಿ ಮುಗಿದಮೇಲೆ ಉಳಿಯೋಕೆ ಅವರೂರಿನ ಬಸ್ಸು ಬಿಡಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಬ್ ತೆರೆದಿಡಬಹುದು. ನೋಡಿಕೊಳ್ಳೋಕೆ ಕೊನೆ ವರ್ಷದ ಮಕ್ಕಳಿಗೆ ಒಂದಿಷ್ಟು ಗೌರವಧನ ಕೊಟ್ಟರೆ ಸಾಕು. ಸೆಮಿಕೋಲನ್ ಬಿಟ್ಟ ಹುಡುಗಿ ನನ್ನನ್ನು ಕೇಳೋಕೆ ಹಿಂಜರಿಯುತ್ತಾಳೆ, ತನ್ನೂರಿನ ಅಕ್ಕನನ್ನು ಕೇಳುತ್ತಾಳೆ. ಪದವಿ ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದೆ, ಅದು ಬೇಕಾದ ಸಹಾಯವೇ. ಅದರ ಒಂದು ಸಣ್ಣ ಪಾಲಿನಷ್ಟು ಹಣ ಅವರು ಓದುತ್ತಿರುವಾಗಲೇ ಲ್ಯಾಬ್‌ಗೆ ಬಂದರೆ ಎಷ್ಟೋ ಮಕ್ಕಳು ಕೆಲಸಕ್ಕೆ ತಯಾರಾಗಿಯೇ ಹೊರಗೆ ಹೋಗುತ್ತಾರೆ.

ಅತಿಥಿ ಉಪನ್ಯಾಸಕರ ವಿಷಯ ಇಲ್ಲಿ ಹೇಳಲೇಬೇಕು. ಮೊದಲ ವರ್ಷದ ಪಾಠ ಹೆಚ್ಚಾಗಿ ಅವರ ಹೆಗಲ ಮೇಲಿದೆ. ಅವರ ನೇಮಕ ತರಗತಿ ಶುರುವಾಗಿ ವಾರಗಟ್ಟಲೆ ಆದಮೇಲೆ ಆದರೆ, ತಪ್ಪಿಹೋಗುವುದು ಹೊಸಬರಿಗೆ ಅತಿ ಮುಖ್ಯವಾದ ಆ ಮೊದಲ ವಾರಗಳೇ.

ಸಿಲಬಸ್ಸು, ಪರೀಕ್ಷೆ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗೆ ಬಿಟ್ಟದ್ದು, ಸಚಿವರೇನು ಮಾಡೋಕಾಗುತ್ತೆ ಅಂತ ಕೆಲವರು ಹೇಳಬಹುದು. ನೀವು ರಾಜ್ಯದ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿ ಕೂಡ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಬಂತು, ಪ್ರತಿ ಸಲ ಎಲ್ಲ ಮಂಡಳಿಗಳೂ ಸಿಲಬಸ್ ಬದಲಿಸಿದವು. ಸರ್ಕಾರ ಹೇಳಿದರೆ ಆಗುತ್ತೆ ಅನ್ನೋದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಲ್ಯಾಬ್‌ನಲ್ಲಿ ಮಾತ್ರ ಆ ಎರಡು ಬದಲಾವಣೆಯ ನಂತರವೂ ಅದೇ ಟರ್ಬೋ ಸಿ, ಅದೇ ಚೀಟಿ.

400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಎಲ್ಲ ಕಡೆ ಒಟ್ಟಿಗೆ ಮಾಡಿ ಅನ್ನುತ್ತಿಲ್ಲ. ರಾಜ್ಯದ ಪ್ರತಿ ಆಡಳಿತ ವಿಭಾಗದಿಂದ ಕೆಲವು ಕಾಲೇಜು ಆರಿಸಿ, ಬೆಂಗಳೂರಿನವು ಬೇಡ, ತಾಲ್ಲೂಕಿನವನ್ನೇ ಆರಿಸಿ. ಅನುಭವದ ಮೇಲೆ ಬ್ಯಾಚ್ ಮಾಡಲು, ಪ್ರಾಯೋಗಿಕ ಪರೀಕ್ಷೆಯನ್ನು ನಾವೇ ರೂಪಿಸಲು, ಹಿರಿಯ ವಿದ್ಯಾರ್ಥಿಗಳಿಗೆ ಗೌರವಧನ ಕೊಡಲು ಎರಡು ವರ್ಷದ ಮಟ್ಟಿಗೆ ಅನುಮತಿ ಕೊಡಿ. ಮೊದಲ ಸೆಮಿಸ್ಟರ್‌ಗೆ ಸೇರಿದವರಲ್ಲಿ ಎಷ್ಟು ಮಂದಿ ಮೂರನೆಯದಕ್ಕೆ ಬ್ಯಾಕ್‌ಲಾಗ್ ಇಲ್ಲದೆ ಬಂದರು, ಅವರು ಯಾವ ಪಿಯುಸಿಯಿಂದ ಬಂದವರು ಅನ್ನುವ ಲೆಕ್ಕವನ್ನು ನಾವು ಇಟ್ಟುಕೊಡುತ್ತೇವೆ, ನೀವು ಪಕ್ಕದ ಕಾಲೇಜುಗಳ ಜೊತೆ ಹೋಲಿಸಿ ನೋಡಿ. ಆದೇಶ ಮಾತ್ರ ಪ್ರವೇಶ ಶುರುವಾಗುವ ಮೊದಲೇ ಬರಲಿ ಸರ್. ಟೈಂಟೇಬಲ್ ಹಾಕಿಯಾದಮೇಲೆ ಬಂದರೆ ಇನ್ನೊಂದು ಬ್ಯಾಚು ಹಾಗೇ ಹೋಗುತ್ತೆ.

ವಂದನೆಗಳೊಂದಿಗೆ,
ಬಿಸಿಎ ಉಪನ್ಯಾಸಕಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜು