ಇನ್ನು ಮುಂದೆ ಮೊದಲು ತಿಂಗಳು, ಆಮೇಲೆ ದ್ವೀಪ

ಮಾನ್ಯ ಗ್ರಾಹಕರೇ,

ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟದ, ಅಂದರೆ ಕೈಟ್‌ನ, ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ರಜೆಗೆ ದ್ವೀಪ ಆರಿಸುವ ನಮ್ಮ ಪದ್ಧತಿಯನ್ನು ಬದಲಾಯಿಸಿದ್ದೇವೆ. ಇಲ್ಲಿಯವರೆಗೆ ನಮ್ಮ ಬುಕಿಂಗ್ ಫಾರ್ಮಿನ ಮೊದಲ ಖಾನೆ ದ್ವೀಪದ ಹೆಸರಿನದು, ತಾರೀಕು ಆಮೇಲೆ. ಮುಂದಿನ ಬುಕಿಂಗ್‌ನಿಂದ ಇದು ತಿರುಗುಮುರುಗು. ಮೊದಲು ನಿಮಗೆ ರಜೆ ಸಿಗುವ ತಿಂಗಳು, ಆಮೇಲೆ ನಿಮ್ಮ ತೂಕ, ನೀರಿನಲ್ಲಿ ನಿಮಗೆ ಏನೇನು ಬರುತ್ತದೆ ಎಂಬುದು, ಕೊನೆಗೆ ದ್ವೀಪ. ಗಾಳಿಯ ಕಾಲವಲ್ಲದ ತಿಂಗಳಿಗೆ ಯಾವ ದ್ವೀಪದ ಬುಕಿಂಗನ್ನೂ ಇನ್ನು ತೆಗೆದುಕೊಳ್ಳುವುದಿಲ್ಲ.

ಫೋಟೋದಲ್ಲಿ ಲಗೂನ್‌ನ, ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ಕಡಲಿನ, ನೀಲಿ ನೀರು ವರ್ಷವಿಡೀ ಒಂದೇ ಥರ ಕಾಣುತ್ತದೆ. ಗಾಳಿ ಹಾಗಲ್ಲ. ಮಾರಿಷಸ್‌ನ ಲೆ ಮಾರ್ನ್‌ನಲ್ಲಿ ಆಗ್ನೇಯ ವಾಣಿಜ್ಯ ಮಾರುತ ಗಟ್ಟಿಯಾಗಿ ನಿಲ್ಲುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಜನವರಿಯಿಂದ ಮಾರ್ಚ್ ಅಲ್ಲಿ ಚಂಡಮಾರುತದ ಕಾಲ. ಜಾಂಜಿಬಾರ್‌ನ ಪಾಜೆಗೆ ಎರಡು ಗಾಳಿ: ಜೂನ್‌ನಿಂದ ಸೆಪ್ಟೆಂಬರ್ ತನಕ ದಕ್ಷಿಣದ ಕಡೆಯಿಂದ ಕೂಸಿ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಈಶಾನ್ಯದ ಕಸ್ಕಾಜಿ. ನಡುವೆ ಏಪ್ರಿಲ್-ಮೇ ತಿಂಗಳಲ್ಲಿ ಬರೀ ಮಳೆ. ಫಿಲಿಪೀನ್ಸ್‌ನ ಬೊರಾಕೇಯ ಬುಲಬೋಗ್ ಕಡಲತೀರಕ್ಕೆ ನವೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಶ್ರೀಲಂಕಾದ ಕಲ್ಪಿಟಿಯಕ್ಕೆ ನೈರುತ್ಯ ಮಾರುತದ ಮೇ-ಸೆಪ್ಟೆಂಬರ್, ಕೇಪ್ ವರ್ಡಿಯ ಸಾಲ್ ದ್ವೀಪಕ್ಕೆ ಚಳಿಗಾಲ. ಕೆರಿಬಿಯನ್‌ನಲ್ಲಿ ಹರಿಕೇನ್ ಅವಧಿ ಜೂನ್‌ನಿಂದ ನವೆಂಬರ್. ಅರುಬಾ, ಬೊನೇರ್ ತೀರಾ ದಕ್ಷಿಣದಲ್ಲಿರುವುದರಿಂದ ಅದರ ದಾರಿಗೆ ಸಿಗುವುದು ಅಪರೂಪ, ಆದರೆ ಅಲ್ಲೂ ಸೆಪ್ಟೆಂಬರ್ ನಂತರ ಗಾಳಿ ಸೊರಗುತ್ತದೆ. ಜುಲೈನಲ್ಲಿ ರಜೆ ಇರುವವರಿಗೆ ನಾವು ಬೊರಾಕೇ ಹೇಳುವುದಿಲ್ಲ, ಜನವರಿಯವರಿಗೆ ಲೆ ಮಾರ್ನ್ ಹೇಳುವುದಿಲ್ಲ.

‘ತಿಂಗಳ ಸರಾಸರಿ 14 ನಾಟ್’ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಎಂಬಂಥ ಅಂಕಿಯನ್ನು ನಮ್ಮ ಪಟ್ಟಿಯಿಂದ ತೆಗೆದುಹಾಕಿದ್ದೇವೆ. ಅರ್ಧ ತಿಂಗಳು 20 ನಾಟ್, ಇನ್ನರ್ಧ 8 ನಾಟ್ ಬೀಸಿದರೂ ಸರಾಸರಿ 14 ಬರುತ್ತದೆ. ನಿಮಗೆ ಬೇಕಾದ ಲೆಕ್ಕ ಬೇರೆ: ಹಗಲಿನಲ್ಲಿ ಕನಿಷ್ಠ ನಾಲ್ಕು ಗಂಟೆ 15 ನಾಟ್‌ಗಿಂತ ಮೇಲೆ ಬೀಸಿದ ದಿನಗಳೆಷ್ಟು? ಇನ್ನು ಇದನ್ನೇ ಕೊಡುತ್ತೇವೆ. ಮುನ್ಸೂಚನೆಯ ಆ್ಯಪ್‌ಗಳನ್ನೂ ಪೂರ್ತಿ ನಂಬಬೇಡಿ. ಅವು ಹೆಚ್ಚಾಗಿ ಬಳಸುವ ಜಿಎಫ್‌ಎಸ್ ಎಂಬ ಅಮೆರಿಕದ ಹವಾಮಾನ ಮಾದರಿ ಭೂಮಿಯನ್ನು ಸುಮಾರು 13 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಲೆ ಮಾರ್ನ್‌ನಂಥ 556 ಮೀಟರ್ ಎತ್ತರದ ಒಂಟಿ ಬೆಟ್ಟ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೆಟ್ಟದ ಮಗ್ಗುಲಲ್ಲಿ ಗಾಳಿ ಹಿಂಡಿಕೊಂಡು ಜೋರಾಗುತ್ತದೆ, ಬೆನ್ನಿಗೆ ಹೋದರೆ ಮುಗ್ಗರಿಸುತ್ತದೆ. ತೆಂಗಿನ ಸಾಲು ಕೂಡ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿ ಕೆಡಿಸಬಲ್ಲದು.

ಎರಡನೆಯ ಬದಲಾವಣೆ ಗಾಳಿಯ ದಿಕ್ಕಿಗೆ ಸಂಬಂಧಿಸಿದ್ದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ದಡಕ್ಕೆ ಓರೆಯಾಗಿ ಬೀಸುವ ಗಾಳಿಯಲ್ಲಿ ಏನಾದರೂ ಕೆಟ್ಟರೂ ನೀವು ಸ್ವಲ್ಪ ಕೆಳಗಡೆ ದಡ ಮುಟ್ಟುತ್ತೀರಿ. ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಆ ಅನುಕೂಲ ಇಲ್ಲ. ಸೆಲ್ಫ್ ರೆಸ್ಕ್ಯೂ ಕಲಿತಿದ್ದರೂ, ಅಂದರೆ ಹಗ್ಗಗಳನ್ನು ಕೈಯಲ್ಲಿ ಹಿಡಿಯುವ ಬಾರ್‌ಗೆ ಸುತ್ತಿ ಕೈಟ್ ಹಿಡಿದು ತೇಲಿದರೂ, ಗಾಳಿ ನಿಮ್ಮನ್ನು ಒಯ್ಯುವುದು ಆಳ ಕಡಲಿಗೇ. ಬೊನೇರ್‌ನ ಅಟ್ಲಾಂಟಿಸ್ ಬೀಚ್ ಇಂಥ ಜಾಗ. ಅಲ್ಲಿ ರಕ್ಷಣಾ ದೋಣಿ ನೀರಿನಲ್ಲಿ ಇಲ್ಲದ ಹೊತ್ತು ಯಾರೂ ಕೈಟ್ ಎತ್ತಬಾರದು, ಎಷ್ಟೇ ಅನುಭವಿಯಾದರೂ. ಲೆ ಮಾರ್ನ್‌ನ ‘ಒನ್ ಐ’ ಅಲೆಯದು ಇನ್ನೊಂದು ಬಗೆಯ ಅಪಾಯ. ಹವಳದ ದಂಡೆಯ ಮೇಲೆ ಕೈಟ್ ಬಿದ್ದರೆ, ದಂಡೆಯ ಸಂದಿನಲ್ಲಿ ಹೊರಕ್ಕೆ ಓಡುವ ಸೆಳೆತ ಆಸಾಮಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಹೊರಟ ಜಾಗಕ್ಕೇ ಗಾಳಿಗೆದುರಾಗಿ ಮರಳಲು ಬಾರದವರನ್ನು ಇಂಥ ತಾಣಗಳಿಗೆ ಕಳಿಸುವುದನ್ನು ನಿಲ್ಲಿಸಿದ್ದೇವೆ. ಅವರಿಗೆ ಸೊಂಟ ಮಟ್ಟದ ನೀರಿನ ಲಗೂನ್‌ಗಳೇ ಸರಿ.

ಆದರೆ ಲಗೂನ್ ಎಂದರೆ ಉಬ್ಬರ-ಇಳಿತದ ಲೆಕ್ಕ ಬರಬೇಕು. ಕೆರಿಬಿಯನ್‌ನಲ್ಲಿ ವ್ಯತ್ಯಾಸ ಅರ್ಧ ಮೀಟರ್‌ನ ಒಳಗೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಪಾಜೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಅದು ನಾಲ್ಕು ಮೀಟರ್ ಹತ್ತಿರ ಹೋಗುತ್ತದೆ. ಬೆಳಿಗ್ಗೆ ಎದೆಮಟ್ಟ ನೀರಿದ್ದ ಕಡೆ ಮಧ್ಯಾಹ್ನ ಹವಳ ಬರಿದಾಗಿ ಕಾಣುತ್ತದೆ. ಅದರ ಸಂದುಗಳಲ್ಲಿ ಕಪ್ಪು ಮುಳ್ಳಿನ ಸೀ ಅರ್ಚಿನ್, ಅಲ್ಲಲ್ಲಿ ಊರಿನ ಹೆಂಗಸರು ಗೂಟ ನೆಟ್ಟು ಹಗ್ಗ ಕಟ್ಟಿ ಬೆಳೆಸಿದ ಕಡಲಪಾಚಿಯ ತೋಟ. ಆ ಹಗ್ಗಕ್ಕೆ ನಿಮ್ಮ ಹಲಗೆಯ ಅಡಿಯ ಫಿನ್ ಸಿಕ್ಕಿದರೆ ನಿಮ್ಮ ಕಾಲಿಗೂ ಪೆಟ್ಟು, ಅವರ ಬೆಳೆಗೂ ನಷ್ಟ. ತೋಟದ ಗೂಟಗಳಿಂದ ದೂರ ಇರಿ, ಗಟ್ಟಿ ಅಡಿಯ ನೀರು ಬೂಟು ಹಾಕಿ, ಉದ್ದ ಫಿನ್ ಬಿಚ್ಚಿ ಗಿಡ್ಡದ್ದು ಹಾಕಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ನೀರು ಇಳಿದಿದ್ದರೆ, ವಾರ ಕಳೆಯುವಾಗ ಸಂಜೆ ನಾಲ್ಕರ ಆಸುಪಾಸು. ಅಷ್ಟಮಿಯ ಸುತ್ತಿನ ದಿನಗಳಲ್ಲಿ ವ್ಯತ್ಯಾಸ ತುಂಬ ಕಡಿಮೆ, ಕಲಿಯುವವರಿಗೆ ಹೇಳಿ ಮಾಡಿಸಿದ ಹೊತ್ತು. ಹಾಗಾಗಿ ಬುಕಿಂಗ್ ಖಚಿತವಾಗುವ ಮೊದಲೇ ನಿಮ್ಮ ತಾರೀಕುಗಳ ಉಬ್ಬರದ ಪಟ್ಟಿ ನಿಮ್ಮ ಕೈಗೆ ಬರುತ್ತದೆ.

ತೂಕ ಕೇಳುವುದು ಕೈಟ್‌ನ ಅಳತೆಗಾಗಿ. ಕೆ.ಜಿ.ಯನ್ನು 2.2ರಿಂದ ಗುಣಿಸಿ ಗಾಳಿಯ ನಾಟ್‌ನಿಂದ ಭಾಗಿಸಿ, ಬರುವುದು ಚದರ ಮೀಟರ್. 75 ಕೆ.ಜಿ.ಯವರಿಗೆ 15 ನಾಟ್‌ನಲ್ಲಿ 11, 20 ನಾಟ್‌ನಲ್ಲಿ ಎಂಟು ಚಿಲ್ಲರೆ. 30 ಡಿಗ್ರಿ ಸೆಖೆಯ ಗಾಳಿ 15 ಡಿಗ್ರಿಯದಕ್ಕಿಂತ ಶೇ. 5ರಷ್ಟು ತೆಳು, ಅದಕ್ಕೇ ಎರಡು ಅಳತೆಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನು ಒಯ್ಯಿರಿ. ಇದು ಹಗುರ ಗಾಳಿಯ ದಿನದ ಮಾತು; ಬಿರುಸಾಗಿ ಏಳುಬೀಳುವ ಗಾಳಿಯಲ್ಲಿ ಅನುಮಾನ ಬಂದರೆ ಚಿಕ್ಕದೇ ಕ್ಷೇಮ.

ಉಷ್ಣ ದೇಶದ ಬಿಸಿಲಿನಲ್ಲಿ ಮೊದಲು ಕೈಕೊಡುವುದು ಕೈಟ್‌ನ ಬ್ಲ್ಯಾಡರ್ (ಒಳಗಿನ ಗಾಳಿ ಚೀಲ) ವಾಲ್ವ್. ಊದಿದ ಕೈಟನ್ನು ಮರಳಿನ ಮೇಲೆ ಒಂದು ಗಂಟೆ ಬಿಟ್ಟರೆ ಸಾಕು, ಒಳಗಿನ ಗಾಳಿ ಹಿಗ್ಗಿ ವಾಲ್ವ್‌ನ ಅಂಟು ಸಡಿಲವಾಗುತ್ತದೆ. ಊಟಕ್ಕೆ ಹೋಗುವ ಮುನ್ನ ಗಾಳಿ ಇಳಿಸಿ, ನೆರಳಿಗೆ ಹಾಕಿ. ಎರಡನೆಯದು ಕ್ವಿಕ್ ರಿಲೀಸ್, ಅಂದರೆ ಅಪಾಯದಲ್ಲಿ ತಳ್ಳಿದರೆ ಕೈಟ್‌ನ ಎಳೆತ ತಕ್ಷಣ ಬಿಡಿಸುವ ಕೊಂಡಿ. ನುಣುಪು ಹವಳದ ಮರಳು ಅದರ ತೋಳಿನ ಒಳಗೆ ಸೇರಿ ಉಪ್ಪಿನ ಜೊತೆ ಗಟ್ಟಿಯಾಗುತ್ತದೆ, ತಳ್ಳಬೇಕಾದ ಕ್ಷಣಕ್ಕೆ ತಳ್ಳಲು ಬರುವುದಿಲ್ಲ. ಪ್ರತಿದಿನ ಕೈಟ್ ಎತ್ತುವ ಮೊದಲು ಅದನ್ನು ನೀರಿನಲ್ಲಿ ಅದ್ದಿ, ಅಲುಗಾಡಿಸಿ, ಒಮ್ಮೆ ಪೂರ್ತಿ ತಳ್ಳಿ ಮತ್ತೆ ಜೋಡಿಸಿ. ಅರ್ಧ ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಈಗಾಗಲೇ ಬುಕ್ ಮಾಡಿರುವವರ ತಾರೀಕುಗಳನ್ನು ಹೊಸ ಪಟ್ಟಿಯ ಜೊತೆ ಹೋಲಿಸುತ್ತಿದ್ದೇವೆ. ಗಾಳಿಯ ಕಾಲಕ್ಕೆ ಹೊಂದದಿದ್ದವರಿಗೆ ಎರಡು ದಾರಿ: ಅದೇ ದ್ವೀಪಕ್ಕೆ ಬೇರೆ ತಿಂಗಳು, ಇಲ್ಲವೇ ಅದೇ ತಾರೀಕಿಗೆ ಬೇರೆ ದ್ವೀಪ. ಎರಡೂ ಒಗ್ಗದಿದ್ದರೆ ನಮಗೆ ಕಟ್ಟಿದ ಮುಂಗಡ ಪೂರ್ತಿ ವಾಪಸ್. ಉತ್ತರ ಬರೆಯುವಾಗ ನಿಮ್ಮ ತೂಕ, ಬಳಿ ಇರುವ ಕೈಟ್‌ಗಳ ಅಳತೆ, ಗಾಳಿಗೆದುರಾಗಿ ಮರಳಲು ಬರುತ್ತದೋ ಇಲ್ಲವೋ, ಈ ಮೂರನ್ನು ಮರೆಯದೆ ತಿಳಿಸಿ. ಮೂರನೆಯದಕ್ಕೆ ‘ಒಮ್ಮೊಮ್ಮೆ ಬರುತ್ತದೆ’ ಎಂದಾದರೆ ‘ಇಲ್ಲ’ ಎಂದೇ ಬರೆಯಿರಿ.

ಇಂತಿ,
ಸಹಕಾರ ಸಂಘದ ಪ್ರವಾಸ ವಿಭಾಗ