ಸದ್ದು ಬೇಕು ಅಂದ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾರಿನ ಸದ್ದು ಜೋರು ಮಾಡಲು ಗ್ಯಾರೇಜಿನವರು ಕೊಟ್ಟ ಕೊಟೇಶನ್ ತಲುಪಿತು. ಅಪ್ಪ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, "ಮೂಗಿಗಿಂತ ಮೂಗುತಿ ಭಾರ" ಎಂದು ನನ್ನ ಕಡೆ ತಳ್ಳಿದರು. ನಾನು ಮೇಲಿನಿಂದ ಓದಿದೆ. ಕ್ಯಾಟ್ (ಹೊಗೆ ಶುದ್ಧಮಾಡುವ ಡಬ್ಬಿ) ಇಲ್ಲದ ಡೌನ್‌ಪೈಪ್ ಅಂದರೆ ಹೊಗೆ ಕೊಳವೆಯ ಮೊದಲ ತುಂಡು, ರೆಸೊನೇಟರ್ (ಸದ್ದು ತಗ್ಗಿಸುವ ನಡುವಿನ ಡಬ್ಬಿ) ಡಿಲೀಟ್, ವಾಲ್ವ್ ಇರುವ ಹೊಸ ಮಫ್ಲರ್ ಅಂದರೆ ಸೈಲೆನ್ಸರ್, ಅದರ ಮೇಲೆ ಪಟಾಕಿಯಂತೆ ಸಿಡಿಯುವ ಹಾಗೆ ಎಂಜಿನ್ನಿನ ಕಂಪ್ಯೂಟರನ್ನು ಬದಲಿಸುವ ಪಾಪ್ಸ್ ಅಂಡ್ ಬ್ಯಾಂಗ್ಸ್ ಮ್ಯಾಪ್. ಅಪ್ಪ ಎಲ್ಲಕ್ಕೂ ಬೇಡ ಅಂದಿದ್ದಾರೆ, ನೀನು ಎಲ್ಲವೂ ಬೇಕು ಅಂದಿದ್ದೀಯ. ನನಗೆ ಒಂದೊಂದಕ್ಕೆ ಒಂದೊಂದು ಉತ್ತರ ಇದೆ. ಫೋನಿನಲ್ಲಿ ಶುರುಮಾಡಿದರೆ "ಅಮ್ಮಾ, ಮೀಟಿಂಗ್" ಅನ್ನುತ್ತೀಯ, ಅದಕ್ಕೇ ಕಾಗದ. ಸರ್ವೀಸು ಪೂರ್ತಿ ಪಿಯುಸಿ ಮಕ್ಕಳಿಗೆ ಅಲೆ, ಅನುರಣನ ಅಂತ ಪಾಠ ಹೇಳಿದವಳು ನಾನು. ಮಗಳು ಅದೇ ಅಧ್ಯಾಯಕ್ಕೆ ಲಕ್ಷಗಟ್ಟಲೆ ಸುರಿಯಲು ಹೊರಟಿರುವಾಗ ಬಾಯಿಮುಚ್ಚಿಕೊಂಡಿರುವುದು ನನ್ನಿಂದಾಗದು.

ಕಾರಿನ ಸದ್ದು ಚೆನ್ನಾಗಿರಬೇಕು ಅನ್ನುವ ಆಸೆ ಹುಚ್ಚು ಅಂತ ನನಗನ್ನಿಸಿಲ್ಲ. ನಿನ್ನ ಬಿಎಂಡಬ್ಲ್ಯು ಎಂ340ಐ ಬಾನೆಟ್ಟಿನ ಕೆಳಗಿರುವುದು 2998 ಸಿಸಿಯ, ಸಾಲಾಗಿ ನಿಂತ ಆರು ಸಿಲಿಂಡರಿನ ಎಂಜಿನ್. 1917ರಲ್ಲಿ ಬಿಎಂಡಬ್ಲ್ಯು ಮಾಡಿದ ವಿಮಾನದ ಎಂಜಿನ್ನೂ ಇದೇ ಸಾಲಿನ ಆರು. ಅವರ ಮನೆತನದ ವಿದ್ಯೆ ಇದು. 1-5-3-6-2-4 ಎಂಬ ಸರದಿಯಲ್ಲಿ, ಕ್ರ್ಯಾಂಕು (ಎಂಜಿನ್ನಿನ ತಿರುಗುವ ದಂಡ) 120 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರು ಸಿಡಿಯುತ್ತದೆ. ಅಂತರ ಎಲ್ಲಿಯೂ ತಪ್ಪುವುದಿಲ್ಲ. ಅದಕ್ಕೇ ಸದ್ದು ನುಣುಪು. ಸುತ್ತು ಏರಿದಂತೆ ಒಡೆಯದೆ, ಎಳೆದ ಎಳೆಯಂತೆ ಮೇಲೇರುತ್ತದೆ.

ನೀನು ಕಳಿಸಿದ ವಿಡಿಯೋದ ಕಾರು ಬೇರೆ ಜಾತಿಯದು. ಅದು ಹಳೆಯ ಮರ್ಸಿಡಿಸ್ ಸಿ63. ಟರ್ಬೊ (ಎಂಜಿನ್ನಿಗೆ ಗಾಳಿ ತುರುಕುವ ಚಕ್ರ) ಇಲ್ಲದ 6.2 ಲೀಟರಿನ ವಿ8. ಎಂಟೂ ಸಿಲಿಂಡರು ಸೇರಿಸಿ ನೋಡಿದರೆ ಸಿಡಿತದ ಅಂತರ ಸಮ. ಆದರೆ ಎಡದ ನಾಲ್ಕು, ಬಲದ ನಾಲ್ಕು ಅಂತ ಬೇರೆಬೇರೆ ನೋಡಿದರೆ ಒಮ್ಮೆ ಹತ್ತಿರ, ಒಮ್ಮೆ ದೂರ. ಆ ಗುಡುಗುಡು ಹುಟ್ಟುವುದು ಈ ಏರುಪೇರಿನಿಂದ. ಕೊಳವೆ ಎಷ್ಟೇ ದುಬಾರಿಯದಾಗಲಿ, ಆರರ ಸಾಲಿನಿಂದ ಆ ಗುಡುಗು ಬರಿಸಲಾಗದು. ಜೋರಾದ ಆರು ಸಿಲಿಂಡರು ಸಿಗುತ್ತದೆ, ಅಷ್ಟೇ. ತಮಾಷೆಯೆಂದರೆ, 2022ರಲ್ಲಿ ಮರ್ಸಿಡಿಸ್‌ನವರೇ ವಿ8 ಅನ್ನೇ ಬಿಟ್ಟು, ಸಿ63ಗೆ ಎರಡು ಲೀಟರಿನ ನಾಲ್ಕು ಸಿಲಿಂಡರು ಮತ್ತು ಹೈಬ್ರಿಡ್ ಮೋಟಾರು ಕೂಡಿಸಿದರು. ಅಭಿಮಾನಿಗಳು ಮುನಿಸಿಕೊಂಡರು.

ಇನ್ನೊಂದು ವಿಷಯ ನಿನ್ನ ಗ್ಯಾರೇಜಿನವನು ಹೇಳಿರಲಿಕ್ಕಿಲ್ಲ. ಸ್ಪೋರ್ಟ್ ಮೋಡ್‌ಗೆ ಹಾಕಿದಾಗ ನಿನ್ನ ಕಿವಿಗೆ ಬೀಳುವುದರಲ್ಲಿ ಒಂದು ಪಾಲು ಸ್ಪೀಕರಿನದು. 2011ರಲ್ಲಿ ಬಂದ ಎಂ5ನಲ್ಲೇ ಬಿಎಂಡಬ್ಲ್ಯು ಎಂಜಿನ್ನಿನ ಸದ್ದನ್ನು ಆಡಿಯೊ ಸಿಸ್ಟಮ್ಮಿನಿಂದ ನುಡಿಸಲು ಶುರುಮಾಡಿತ್ತು. ಕಾರಿನ ಒಳಗೆ ಇಷ್ಟೊಂದು ಮೆತ್ತೆ ತುಂಬಿ ನಿಶ್ಶಬ್ದ ಮಾಡಿದ್ದಾರೆ, ಆಮೇಲೆ ಸದ್ದನ್ನು ಕೃತಕವಾಗಿ ತಂದು ಸುರಿಯುತ್ತಾರೆ. ಇದು ನನಗೂ ಹಿಡಿಸುವುದಿಲ್ಲ. "ನಿಜವಾದದ್ದು ಬೇಕು" ಅನ್ನುವ ನಿನ್ನ ಹಟದಲ್ಲಿ ಹುರುಳಿದೆ. ಹಾಗಾದರೆ ಮೊದಲು ಆ ಸ್ಪೀಕರ್ ಸದ್ದನ್ನು ಕಾರಿನ ಕಂಪ್ಯೂಟರಿನ ಕೋಡಿಂಗ್‌ನಲ್ಲಿ ಆಫ್ ಮಾಡಿಸು. ಕೆಲವು ದಿನ ಓಡಿಸು, ಕಿಟಕಿ ಇಳಿಸಿ ಕೇಳು. ಯಾವುದನ್ನು ಬದಲಿಸಲು ಹೊರಟಿದ್ದೀಯ ಎನ್ನುವುದಾದರೂ ಗೊತ್ತಾಗಲಿ.

ಈಗ ಕೊಳವೆಯ ದಾರಿ ಹಿಡಿಯೋಣ. ಸಿಲಿಂಡರಿನಿಂದ ಹೊರಬಿದ್ದ ಬಿಸಿ ಅನಿಲ ಮೊದಲು ಟರ್ಬೊ ತಿರುಗಿಸುತ್ತದೆ. ಸದ್ದಿನ ಒಂದಷ್ಟು ಶಕ್ತಿ ಅಲ್ಲಿಯೇ ಖರ್ಚು. ಟರ್ಬೊಗೆ ಅಂಟಿಕೊಂಡಂತೆ ಕ್ಯಾಟಲಿಟಿಕ್ ಕನ್ವರ್ಟರ್; ಅದರ ಜೇನುಗೂಡಿನ ಸಣ್ಣ ರಂಧ್ರಗಳು ಮೊನಚು ಸದ್ದನ್ನು ಸವೆಸುತ್ತವೆ. ನಡುವೆ ರೆಸೊನೇಟರ್, ಕೊನೆಗೆ ಬೂಟಿನ ಕೆಳಗೆ ಅಡ್ಡಲಾಗಿ ಮಲಗಿದ ದೊಡ್ಡ ಮಫ್ಲರ್. ಅದರಲ್ಲೊಂದು ಫ್ಲ್ಯಾಪ್ ಅಂದರೆ ದಾರಿ ತೆರೆದು ಮುಚ್ಚುವ ವಾಲ್ವ್, ಅದನ್ನು ತಿರುಗಿಸುವ ಪುಟ್ಟ ಮೋಟಾರು.

ರೆಸೊನೇಟರ್ ಡಿಲೀಟ್ ಎಲ್ಲಕ್ಕಿಂತ ಅಗ್ಗ ಅಂತ ಬರೆದಿದ್ದಾನಲ್ಲ, ಹೌದು, ಅಗ್ಗವೇ. ಡಬ್ಬಿ ಕತ್ತರಿಸಿ ನೇರ ಕೊಳವೆ ಬೆಸೆದರೆ ಮುಗಿಯಿತು. ಅದರ ಫಲ ಗೊತ್ತಾಗುವುದು ಗ್ಯಾರೇಜಿನ ಬಾಗಿಲಲ್ಲಲ್ಲ, ಮದ್ದೂರು ದಾಟಿದ ಮೇಲೆ. ಲೆಕ್ಕ ಮಾಡಿ ತೋರಿಸುತ್ತೇನೆ, ಹಾಳೆ ತಿರುವಿಹಾಕಬೇಡ. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಸಿಡಿತ. ಮೈಸೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ, ಎಂಟನೇ ಗೇರಿನಲ್ಲಿ, ನಿನ್ನ ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗುತ್ತದೆ. ಸೆಕೆಂಡಿಗೆ 25 ಸುತ್ತು, 75 ಸಿಡಿತ. ಅಂದರೆ 75 ಹರ್ಟ್ಸ್. ಇನ್ನು ಕಾರಿನ ಒಳಗನ್ನು ನೋಡು: ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಎರಡೂಕಾಲು ಮೀಟರಿನ ಆಸುಪಾಸು ಮುಚ್ಚಿದ ಗಾಳಿಯ ಪೆಟ್ಟಿಗೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅಲೆಯ ಅರ್ಧ ಅಷ್ಟು ಉದ್ದಕ್ಕೆ ಸರಿಹೊಂದುವ ಆವೃತ್ತಿ ಎಷ್ಟು? ಅದೂ ಸರಿಸುಮಾರು 75 ಹರ್ಟ್ಸ್! ರೆಸೊನೇಟರ್ ಕಳೆದುಕೊಂಡ ಕೊಳವೆ ಕೊಡುವ ಸ್ವರವೂ ಕ್ಯಾಬಿನ್ನು ಹಿಡಿದಿಡುವ ಸ್ವರವೂ ಒಂದೇ ಆದರೆ ಏನಾಗುತ್ತದೆ ಅನ್ನುವುದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು: ಅನುರಣನ, ಸದ್ದು ಉಬ್ಬುತ್ತದೆ. ನಿಮ್ಮವರು ಡ್ರೋನ್ ಅನ್ನುವುದು ಇದಕ್ಕೇ. ಅದು ಕಿವಿಗಿಂತ ಹೆಚ್ಚಾಗಿ ತಲೆಯೊಳಗೆ ಗುಂಯ್‌ಗುಟ್ಟುತ್ತದೆ. ಮುಂದಿನವರಿಗಿಂತ ಹಿಂದಿನ ಸೀಟಿನವರಿಗೆ ಹೆಚ್ಚು. ಹಿಂದಿನ ಸೀಟಿನಲ್ಲಿ ಕೂರುವವಳು ನಾನು, ಮರೆಯಬೇಡ.

ಒಳ್ಳೆಯ ಎಕ್ಸಾಸ್ಟ್ ಮಾಡುವವರು ಇದಕ್ಕೆ ಒಂದು ಉಪಾಯ ಇಟ್ಟಿರುತ್ತಾರೆ. ಮುಖ್ಯ ಕೊಳವೆಗೆ ಕೊನೆ ಮುಚ್ಚಿದ ಒಂದು ಕವಲು ಕೊಳವೆ ಬೆಸೆಯುತ್ತಾರೆ. ಅಲೆ ಅದರೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು, ತಿರುಗಿ ಬರುವಷ್ಟರಲ್ಲಿ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ತಗ್ಗು ಉಬ್ಬನ್ನು ನುಂಗುತ್ತದೆ. ಕವಲಿನ ಉದ್ದ ಅಲೆಯ ಕಾಲುಭಾಗ ಇರಬೇಕು. 400 ಡಿಗ್ರಿ ಬಿಸಿಯ ಅನಿಲದಲ್ಲಿ ಶಬ್ದದ ವೇಗ ಸುಮಾರು 520 ಮೀಟರ್, ಹಾಗಾಗಿ 75 ಹರ್ಟ್ಸ್‌ಗೆ ಸುಮಾರು ಒಂದೂಮುಕ್ಕಾಲು ಮೀಟರ್ ಕೊಳವೆ ಬೇಕು. ಅದಕ್ಕೆ ಕಾರಿನಡಿ ಜಾಗ ಹುಡುಕಬೇಕು, ಅನಿಲ ತಣ್ಣಗಾದರೆ ಲೆಕ್ಕವೂ ಸರಿಯುತ್ತದೆ. ನಿನ್ನ ಗ್ಯಾರೇಜಿನವನನ್ನು ಒಂದೇ ಪ್ರಶ್ನೆ ಕೇಳು: "ಡ್ರೋನ್ ಯಾವ ಸುತ್ತಿನಲ್ಲಿ ಬರುತ್ತದೆ, ಅದಕ್ಕೇನು ಮಾಡಿದ್ದೀರಿ?" "ಏನೂ ಬರಲ್ಲ ಮೇಡಂ" ಅಂದರೆ ಕಾರು ಹಿಂದಕ್ಕೆ ತಗೊಂಡು ಬಾ.

ಡೌನ್‌ಪೈಪಿನ ವಿಷಯಕ್ಕೆ ನನ್ನದು ಅಪ್ಪನ ಪಕ್ಷ. ಕ್ಯಾಟ್ ಎನ್ನುವ ಆ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಳಿದಿರುತ್ತದೆ. ಕಾರ್ಬನ್ ಮಾನಾಕ್ಸೈಡು, ಉರಿಯದ ಇಂಧನ, ನೈಟ್ರೋಜನ್ ಆಕ್ಸೈಡು ಮೂರನ್ನೂ ಒಟ್ಟಿಗೆ ಪಳಗಿಸುವುದು ಅದು. ಸುಮಾರು 300 ಡಿಗ್ರಿ ಕಾಯುವವರೆಗೆ ಅದು ಸರಿಯಾಗಿ ಕೆಲಸ ಮಾಡದು. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನಿನ್ನ ಕಾರು ಗದರುತ್ತದಲ್ಲ, ನೀನು ಖುಷಿಪಡುತ್ತೀಯಲ್ಲ, ಅದು ನಿನ್ನ ಸ್ವಾಗತಕ್ಕಲ್ಲ. ಕ್ಯಾಟನ್ನು ಬೇಗ ಕಾಯಿಸಲು ಎಂಜಿನ್ ಕಿಡಿಯನ್ನು ತಡಮಾಡಿ, ಬಿಸಿಯನ್ನು ಕೊಳವೆಗೆ ಅಟ್ಟುತ್ತಿರುತ್ತದೆ. ಕ್ಯಾಟ್ ತೆಗೆದರೆ ಅದರ ಹಿಂದಿನ ಆಕ್ಸಿಜನ್ ಸೆನ್ಸರ್ ದೂರು ಹೇಳಿ ಎಂಜಿನ್ ದೀಪ ಹೊತ್ತುತ್ತದೆ; ಆ ದೀಪ ಆರಿಸಲು ಕಂಪ್ಯೂಟರಿಗೆ ಸುಳ್ಳು ಕಲಿಸಬೇಕು. ಕಾರಿನ ಹಿಂದೆ ಸಿಗ್ನಲ್ಲಿನಲ್ಲಿ ಮಗುವನ್ನು ಕೂರಿಸಿಕೊಂಡ ಸ್ಕೂಟರಿನವಳು ನಿಂತಿರುತ್ತಾಳೆ, ಪುಟ್ಟಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಪಟಾಕಿ ಮ್ಯಾಪೂ ಬೇಡ. ಆಕ್ಸಿಲರೇಟರ್ ಬಿಟ್ಟಾಗ ನಿಲ್ಲಬೇಕಾದ ಪೆಟ್ರೋಲನ್ನು ನಿಲ್ಲಿಸದೆ, ಕಿಡಿಯನ್ನು ಬೇಕೆಂದೇ ತಡಮಾಡಿ, ಕೊಳವೆಯೊಳಗೆ ಉರಿಸುವುದೇ ಆ ಪಟಪಟ. ಟರ್ಬೊದ ಚಕ್ರ ಆ ಶಾಖವನ್ನು ತಿನ್ನಬೇಕು. ರಸ್ತೆಗೆ ಬೇಡದ ಅಲಂಕಾರ, ದೀಪಾವಳಿಗೆ ಆದೀತು.

ಕಾನೂನನ್ನೂ ಒಮ್ಮೆ ಓದಿಕೋ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಿಗದಿಪಡಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ ಅದೇ ಕಾಯ್ದೆಯ ಸೆಕ್ಷನ್ 190(2)ರಡಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮೂರು ತಿಂಗಳು ಲೈಸೆನ್ಸಿಗೂ ರಜೆ. ಪೊಲೀಸರು ಬುಲೆಟ್ಟುಗಳ ಸೈಲೆನ್ಸರ್ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನೋಡಿ ನೀನು ನಕ್ಕಿದ್ದೆ. ಬಡವರ ಸೈಲೆನ್ಸರಿಗೆ ಒಂದು ಕಾನೂನು, ಬಿಎಂಡಬ್ಲ್ಯುವಿಗೆ ಇನ್ನೊಂದು ಅಂತ ಬರೆದಿಲ್ಲ.

ದಂಡಕ್ಕಿಂತ ನನಗೆ ಮುಖ್ಯವಾದದ್ದು ಹೊತ್ತು. ಭಾನುವಾರ ನಂದಿಬೆಟ್ಟಕ್ಕೆ ಅಂತ ನೀವು ಹೊರಡುವುದು ಐದು ಗಂಟೆಗೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ ನಿಗದಿಯಾದ ಮಿತಿ 45 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತುಪಟ್ಟು, ಕಿವಿಗೆ ಸುಮಾರು ಎರಡುಪಟ್ಟು. ಕಾಂಕ್ರೀಟಿನ ಬೇಸ್‌ಮೆಂಟ್ ಅದನ್ನು ಇನ್ನಷ್ಟು ಮೊಳಗಿಸುತ್ತದೆ. ನಿಮ್ಮ ಮೂರನೇ ಮಹಡಿಯಲ್ಲಿ ಬಾಣಂತಿ ಇದ್ದಾಳೆ ಅಂತ ನೀನೇ ಹೇಳಿದ್ದೆ. ದೇವನಹಳ್ಳಿ ದಾಟಿದ ಮೇಲಿನ ಹಳ್ಳಿಗಳಲ್ಲೂ ಜನ ಮಲಗಿರುತ್ತಾರೆ. ಅವರಿಗೆ ವಾರಕ್ಕೊಂದೇ ಭಾನುವಾರ, ನಿಮ್ಮಂಥವರ ಕಾರುಗಳು ಸಾಲುಸಾಲು.

ಇಷ್ಟೆಲ್ಲ ಹೇಳಿದ ಮೇಲೆ ಏನು ಉಳಿಯಿತು ಅಂತ ಕೇಳುತ್ತೀಯ. ಫ್ಲ್ಯಾಪ್ ಉಳಿಯಿತು. ಮುಚ್ಚಿದರೆ ಗೃಹಸ್ಥೆ, ತೆರೆದರೆ ಗಾಯಕಿ. ನಿರ್ಧಾರ ನಿನ್ನ ಬೆರಳ ತುದಿಯಲ್ಲಿ. ಸದ್ದು ಮಾಡುವ ಎಕ್ಸಾಸ್ಟ್ ಯಾರು ಬೇಕಾದರೂ ಮಾಡಬಲ್ಲರು, ಗರಗಸ ಇದ್ದರೆ ಸಾಕು. ಬೇಡವೆಂದಾಗ ಸುಮ್ಮನಾಗುವುದಕ್ಕೆ ಕಾಸು ಕೊಡಬೇಕು. ಸ್ಪೀಕರ್ ಸದ್ದು ಆಫ್ ಮಾಡಿಸಿಯೂ, ಈಗಿರುವ ಫ್ಲ್ಯಾಪ್ ತೆರೆದು ಕೇಳಿಯೂ ತೃಪ್ತಿ ಆಗದಿದ್ದರೆ, ಕಾರು ಕಂಪನಿಯೇ ಬಿಡಿಭಾಗವಾಗಿ ಮಾರುವ ಎಂ ಪರ್ಫಾರ್ಮೆನ್ಸ್ ಸೈಲೆನ್ಸರ್ ಇದೆ. ಇಲ್ಲಿನ ನೋಂದಣಿಗೆ, ವಾರಂಟಿಗೆ ಅದು ನಡೆಯುತ್ತದೆಯೇ ಎಂದು ಡೀಲರಿಂದ ಬರವಣಿಗೆಯಲ್ಲಿ ತರಿಸು, ವಿಮೆಯವರಿಗೂ ತಿಳಿಸು. ಬಾಯಿಮಾತು ಬೇಡ. ಕ್ಯಾಟ್, ರೆಸೊನೇಟರ್ ಮುಟ್ಟಕೂಡದು. ತೆಗೆದ ಮಫ್ಲರನ್ನು ಗುಜರಿಗೆ ಹಾಕದೆ ನಮ್ಮ ಅಟ್ಟಕ್ಕೆ ತಂದಿಡು. ಹೊಸ ಸೈಲೆನ್ಸರಿನಿಂದ ಶಕ್ತಿ ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. 387 ಕುದುರೆಗಳಿವೆ, ಸಿಲ್ಕ್ ಬೋರ್ಡಿನಲ್ಲಿ ಎಲ್ಲವೂ ನಿಂತೇ ಇರುತ್ತವೆ. ನಿಜಕ್ಕೂ ಗಂಟಲು ಬಿಚ್ಚಿಸಬೇಕು ಅನ್ನಿಸಿದರೆ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗು. 3.7 ಕಿಲೋಮೀಟರಿನ ಸುತ್ತು, ಕಾರನ್ನು ಜೋಡಿಸಿದ ಊರಿನ ಹತ್ತಿರವೇ. ನಾನೂ ಬರುತ್ತೇನೆ, ಆದರೆ ಸ್ಟ್ಯಾಂಡಿನಲ್ಲಿ ಕೂರುತ್ತೇನೆ.

ಅಪ್ಪನ ಹತ್ತಿರ ನಾನು ಮಾತಾಡಿದ್ದೇನೆ. ಕಂಪನಿಯ ಸೈಲೆನ್ಸರ್ ಆದರೆ, ಕಾಗದ ಪತ್ರ ಸರಿಯಿದ್ದರೆ, ನಿನ್ನ ಹುಟ್ಟುಹಬ್ಬಕ್ಕೆ ನನ್ನ ಪಿಂಚಣಿಯಿಂದ ಒಂದು ಪಾಲು ಕೊಡುತ್ತೇನೆ. ಡೌನ್‌ಪೈಪಿಗೆ ಮಾತ್ರ ಕವಡೆ ಕಾಸೂ ಇಲ್ಲ.

ನಿನ್ನ
ಅಮ್ಮ